ಕ್ರಿಮಿಗಳಿಗೆ ಅಡುಗೆ ಮಾಡುವ ತಟ್ಟೆಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಅಂಗಳದಲ್ಲಿ ಮಂಜಿನ ತೆರೆ ಇನ್ನೂ ನೆಲ ಬಿಟ್ಟು ಎದ್ದಿಲ್ಲ. ತಗಡಿನ ಮಾಡಿನ ಕೆಳಗೆ ಒಂದು ಕುರಿ ನಿಂತಿದೆ. ಅದರ ಕುತ್ತಿಗೆಯನ್ನು ತೋಳಿನಿಂದ ಬಳಸಿ ಹೆಂಗಸೊಬ್ಬರು ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಪಶುವೈದ್ಯರ ಸಹಾಯಕ ಸೂಜಿ ಚುಚ್ಚುತ್ತಾನೆ, ಕುರಿ ಒಂದು ನಿಟ್ಟುಸಿರು ಬಿಡುತ್ತದೆ. ಕೊಳವೆಯಲ್ಲಿ ಇಳಿದ ರಕ್ತ ಅಗಲ ತಳದ ಗಾಜಿನ ಶೀಶೆಗೆ ಸದ್ದಿಲ್ಲದೆ ತುಂಬುತ್ತದೆ. ಶೀಶೆಯ ತಳದಲ್ಲಿ ಹಿಡಿಯಷ್ಟು ಗಾಜಿನ ಮಣಿಗಳಿವೆ.

ಸೂಜಿ ತೆಗೆದದ್ದೇ ತಡ, ಆಕೆ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತಲೂ ಅಲುಗಿಸತೊಡಗುತ್ತಾರೆ. ಮಣಿಗಳು ಗಾಜಿಗೆ ತಾಗಿ ಸರಸರ ಎನ್ನುತ್ತವೆ. ಆ ಸದ್ದಿಗೆ ಕುರಿಯೂ ಕಣ್ಣು ಅರೆಮುಚ್ಚಿದೆ, ನನಗೂ ತೂಕಡಿಕೆ ಹತ್ತುತ್ತಿದೆ. ಏನೋ ಕೇಳಲೆಂದು ನಾನು ಬಾಯಿ ತೆರೆದರೆ, "ಈಗ ಮಾತಾಡಿಸ್ಬೇಡಿ, ಎಣಿಕೆ ತಪ್ಪುತ್ತೆ" ಎನ್ನುತ್ತಾರೆ. ಕಾಲು ಗಂಟೆ ಹೀಗೇ ಸಾಗುತ್ತದೆ. ಮುಗಿದ ಮೇಲೆ ಶೀಶೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಮಣಿಗಳ ಸುತ್ತ ಬಿಳಿಯ ನಾರಿನಂಥದ್ದು ಸುತ್ತಿಕೊಂಡಿದೆ, ಉಳಿದ ರಕ್ತ ತಿಳಿಯಾಗಿ ಓಡಾಡುತ್ತಿದೆ.

"ರಕ್ತ ಮೈಯಿಂದ ಹೊರಗೆ ಬಂದ ತಕ್ಷಣ ನೂಲು ನೇಯೋಕೆ ಶುರು ಮಾಡುತ್ತೆ. ಎಲ್ಲೋ ಗಾಯ ಆಗಿದೆ, ಮುಚ್ಬೇಕು ಅಂದ್ಕೊಳ್ಳುತ್ತೆ ಪಾಪ. ಆ ನೂಲನ್ನೆಲ್ಲ ಮಣಿಗೆ ಸುತ್ತಿಬಿಟ್ರೆ ಮತ್ತೆ ಹೆಪ್ಪುಗಟ್ಟಲ್ಲ."

ಈಕೆಗೆ ಐವತ್ತೆರಡು ವರ್ಷ. ಆಸ್ಪತ್ರೆಯ ದಾಖಲೆಯಲ್ಲಿ 'ಸಹಾಯಕಿ' ಎಂದಿದೆ. ಆದರೆ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಇವರು ತಟ್ಟೆಯಕ್ಕ. ಕೆಲಸ ಇಷ್ಟೇ: ರೋಗಕ್ರಿಮಿಗಳಿಗೆ ಅಡುಗೆ ಮಾಡುವುದು. ಗಂಟಲು ನೋವಿರಲಿ, ಕೀವಾದ ಗಾಯವಿರಲಿ, ಯಾವ ಕ್ರಿಮಿಯಿಂದ ಬಂತೆಂದು ತಿಳಿಯಬೇಕಾದರೆ ಮೊದಲು ಅದಕ್ಕೆ ಹೊಟ್ಟೆ ತುಂಬ ಊಟ ಹಾಕಿ ಬೆಳೆಸಬೇಕು. ಮಾಂಸದ ಸಾರಿಗೆ ಕಡಲಪಾಚಿಯ ಪುಡಿ ಬೆರೆಸಿ ಕುದಿಸಿ, ಆರಿಸಿ, ರಕ್ತ ಸೇರಿಸಿ, ಅಂಗೈಯಗಲದ ಗಾಜಿನ ತಟ್ಟೆಗಳಿಗೆ ಸುರಿದರೆ ಅದು ಕೆಂಪಗೆ ಗಟ್ಟಿಯಾಗಿ ಕೂರುತ್ತದೆ. ರೋಗಿಯ ಗಂಟಲಲ್ಲಿ ಆಡಿಸಿದ ಹತ್ತಿಯ ಕಡ್ಡಿಯನ್ನು ಅದರ ಮೇಲೆ ಎಳೆದು ಬೆಚ್ಚನೆಯ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಮಲಗಿಸಿದರೆ, ಬೆಳಿಗ್ಗೆ ಕ್ರಿಮಿಗಳು ತಮ್ಮ ಗುಟ್ಟು ಬಿಟ್ಟುಕೊಡುತ್ತವೆ. ಈ ಕೆಲಸ ನಡೆಯುವ ಕೋಣೆಗೆ ಎಲ್ಲರೂ 'ಅಡುಗೆಮನೆ' ಎಂದೇ ಕರೆಯುತ್ತಾರೆ. ಹೊಸದಾಗಿ ಬಂದವರು ಊಟದ ಡಬ್ಬಿ ಹಿಡಿದು ಒಳಗೆ ನುಗ್ಗಿ ಬೈಸಿಕೊಂಡದ್ದೂ ಉಂಟು.

ನಿಜ ಹೇಳಬೇಕೆಂದರೆ ನಾನು ನಿನ್ನೆ ಈ ಆಸ್ಪತ್ರೆಗೆ ಬಂದದ್ದು ಹೊಸ ಯಂತ್ರವೊಂದರ ಬಗ್ಗೆ ಬರೆಯಲು. ಯಂತ್ರ ಕೆಟ್ಟು ಕೂತಿತ್ತು, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕಾದವರು ಬರಲೇ ಇಲ್ಲ. ಇಡೀ ಪ್ರಯೋಗಾಲಯದಲ್ಲಿ ಏನೋ ಗಡಿಬಿಡಿ, ಎಲ್ಲರ ಕೈಯಲ್ಲೂ ಫೋನು. ಏನೆಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಮೂಲೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಈ ಹೆಂಗಸು ಮಾತ್ರ ಕೈ ಒರೆಸಿಕೊಂಡು ಬಂದು, "ನನ್ನಿಂದ ಒಂದು ತಪ್ಪಾಗಿದೆ, ಅದಕ್ಕೇ ಈ ಓಡಾಟ. ನಾಳೆ ಬೆಳಿಗ್ಗೆ ಐದೂವರೆಗೆ ಬನ್ನಿ, ಹೇಳ್ತೀನಿ" ಎಂದರು. ಕರೆದು ತನ್ನ ತಪ್ಪು ಹೇಳಿಕೊಳ್ಳುವವರನ್ನು ನಾನು ಈ ವೃತ್ತಿಯಲ್ಲಿ ಹೆಚ್ಚು ಕಂಡಿಲ್ಲ.

ಅಡುಗೆಮನೆಯಲ್ಲಿ ಆವಿ ತುಂಬಿ ಕಿಟಕಿಯ ಗಾಜು ಮಸುಕಾಗಿದೆ. ಕುದಿದ ಸಾರಿನ ಪಾತ್ರೆಯನ್ನು ತಟ್ಟೆಯಕ್ಕ ಕೆನ್ನೆಗೆ ತಾಗಿಸಿ ನೋಡುತ್ತಾರೆ. ಹೆಚ್ಚು ಬಿಸಿಯಿದ್ದರೆ ರಕ್ತ ಬೆಂದು ಕಂದಾಗುತ್ತದೆ, ತಣ್ಣಗಾದರೆ ಸುರಿಯುವ ಮುನ್ನವೇ ಗಟ್ಟಿಯಾಗುತ್ತದೆ. ಗೋಡೆಯ ಮೇಲೊಂದು ತಾಪಮಾಪಕ ನೇತಾಡುತ್ತಿದೆ, ನೇತಾಡುವುದೇ ಅದರ ಕೆಲಸ. ದಿನಕ್ಕೆ ನೂರ ಅರವತ್ತು ತಟ್ಟೆ, ಅದರಲ್ಲಿ ಅರವತ್ತು ರಕ್ತದವು. ಇಪ್ಪತ್ತಾರು ವರ್ಷದಿಂದ ಸುರಿಯುವವರೂ ಇವರೇ, ಕೆಲಸ ಮುಗಿದ ಮೇಲೆ ಬೇಯಿಸಿ ತೊಳೆಯುವವರೂ ಇವರೇ. ನಡುವೆ ತಟ್ಟೆಗಳು ಡಾಕ್ಟರುಗಳ ಕೈಗೆ ಹೋಗಿ ಬರುತ್ತವೆ.

"ಈ ಗೋಡೆಯಾಚೆ ವಿದ್ಯಾರ್ಥಿಗಳಿಗೆ ಪಾಠ ನಡೀತಿರುತ್ತೆ. ಈಚೆ ನಾನು ತೊಳೀತಿರ್ತೀನಿ. ಇಷ್ಟು ವರ್ಷ ಅದೇ ಪಾಠ ಕೇಳಿದ್ರೆ ಗೋಡೆಗೂ ಬಂದುಬಿಡುತ್ತೆ" ಎಂದು ನಗುತ್ತಾರೆ. ಅವರು ಹೇಳುವ ರೀತಿಯಲ್ಲಿ ಮೈಯೊಂದು ದೊಡ್ಡ ಮನೆ. ಕ್ರಿಮಿ ಒಳಗೆ ಬಂದರೆ ಕಾವಲುಗಾರರು ಓಡಿ ಬರುತ್ತಾರೆ. ಜ್ವರದ ಒಲೆ ಹಚ್ಚುವವರು ಅವರೇ. ಗಂಟಲು ಊದುವುದು, ಕೀವಾಗುವುದು ಬಹುಪಾಲು ಅವರ ಹೊಡೆದಾಟದ ಗುರುತು. ಜಗಳ ಮುಗಿದ ಮೇಲೂ ಕಾವಲುಗಾರರು ಕಳ್ಳನ ಮುಖ ಮರೆಯುವುದಿಲ್ಲ, ಮುಂದಿನ ಸಲ ಬಾಗಿಲಲ್ಲೇ ಹಿಡಿಯುತ್ತಾರೆ.

"ಆದ್ರೆ ಗಂಟಲಿಗೆ ಬರೋ ಒಂದು ಕ್ರಿಮಿ ಇದೆ. ಅದರ ಅಂಗಿ ನಮ್ಮ ಹೃದಯದ ಬಾಗಿಲ ಥರಾನೇ ಇರುತ್ತಂತೆ. ಕಳ್ಳನ ಮುಖ, ಮನೆ ಮಗನ ಮುಖ ಒಂದೇ ಥರ ಇದ್ರೆ ಕಾವಲಿನವನು ಏನ್ಮಾಡ್ತಾನೆ ಹೇಳಿ. ಗಂಟಲು ವಾಸಿಯಾಗಿ ಮೂರು ವಾರ ಆದ್ಮೇಲೆ ಹೋಗಿ ಹೃದಯಕ್ಕೆ ಹೊಡೀತಾನೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ."

ಅವರ ಮನೆಯಲ್ಲಿ ಆದದ್ದೂ ಇದೇ. ತಂಗಿಗೆ ಒಂಬತ್ತು ವರ್ಷ, ತಟ್ಟೆಯಕ್ಕನಿಗೆ ಹದಿನೇಳು. ತಾಯಿ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ತಂಗಿಯನ್ನು ನೋಡಿಕೊಳ್ಳುವುದು ಅಕ್ಕನ ಪಾಲಿಗೆ ಬಂದಿತ್ತು. ನಾಲ್ಕು ದಿನ ಗಂಟಲು ನೋವು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಐದನೇ ದಿನ ಹುಡುಗಿ ಕುಣಿಯುತ್ತಾ ಶಾಲೆಗೆ ಹೋದಳು. ಡಾಕ್ಟರ ಹತ್ತಿರ ಹೋಗಬೇಕೇ ಎಂದು ತಾಯಿ ಕೇಳಿದಾಗ, "ವಾಸಿಯಾಗಿದೆ ಬಿಡಮ್ಮ" ಎಂದವರು ಇದೇ ಅಕ್ಕ. ಮೂರು ವಾರಕ್ಕೆ ಮಂಡಿ ಊದಿತು. ಮರುದಿನ ನೋವು ಮಂಡಿ ಬಿಟ್ಟು ಹಿಮ್ಮಡಿಗೆ ಹೋಯಿತು, ಅಲ್ಲಿಂದ ಮಣಿಕಟ್ಟಿಗೆ. ಅದೂ ತಾನಾಗಿ ಹೋಯಿತು. ಹದಿನಾಲ್ಕರಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರು ಬಂದಾಗಲೇ, ಎದೆಬಡಿತದ ನಡುವೆ ಇನ್ನೊಂದು ಸದ್ದು ಕೇಳಿಸಿ, ಹೃದಯದ ಕವಾಟ ದಪ್ಪಗಾಗಿ ಗಾಯಗೊಂಡಿದೆಯೆಂದು ತಿಳಿದದ್ದು. ಈಗ ನಲವತ್ತನಾಲ್ಕು ವರ್ಷದ ತಂಗಿ ಅಕ್ಕನ ಜೊತೆಯಲ್ಲೇ ಇದ್ದಾರೆ. ಎರಡು ದಿಂಬಿಗೆ ಒರಗಿಯೇ ಮಲಗುತ್ತಾರೆ. ಅದೇ ಕ್ರಿಮಿ ಮತ್ತೆ ಬಾರದಿರಲೆಂದು ಮೂರು ವಾರಕ್ಕೊಮ್ಮೆ ದಪ್ಪ ಸೂಜಿ.

ಆ ಇಂಜೆಕ್ಷನ್ ಕೊಡಿಸಲು ತಂಗಿಯನ್ನು ಕರೆದುಕೊಂಡು ಓಡಾಡುತ್ತಲೇ ತಟ್ಟೆಯಕ್ಕ ಈ ಆಸ್ಪತ್ರೆಯ ಪರಿಚಯ ಮಾಡಿಕೊಂಡದ್ದು, ಕೆಲಸಕ್ಕೆ ಸೇರಿದ್ದು. ಗಂಟಲಿನ ಆ ಕ್ರಿಮಿ ರಕ್ತದ ತಟ್ಟೆಯಲ್ಲಿ ಬೆಳೆದರೆ ತನ್ನ ಸುತ್ತಲಿನ ಕೆಂಪನ್ನು ಕರಗಿಸಿ ಒಂದು ತಿಳಿಯಾದ ಉಂಗುರ ಮಾಡುತ್ತದೆ, ಕಿಟಕಿಗೆ ಹಿಡಿದರೆ ಅದರೊಳಗಿಂದ ಬೆಳಕು ಬರುತ್ತದೆ. ಉಂಗುರ ಕಂಡರೆ ಮಗುವಿಗೆ ಮದ್ದು, ಅಲ್ಲಿಗೆ ಹೃದಯ ಬಚಾವು. "ಇಷ್ಟೇ ಅಲ್ವಾ ಬೇಕಾಗಿದ್ದದ್ದು ಅಂತ ಮೊದಲನೇ ಸಲ ನೋಡಿದಾಗ ಅತ್ತುಬಿಟ್ಟೆ. ಇಷ್ಟಗಲ ತಟ್ಟೆ" ಎಂದು ಅಂಗೈ ತೋರಿಸುತ್ತಾರೆ.

ಇನ್ನು ತಪ್ಪಿನ ಕಥೆ. ಹಿಂಬದಿಯಲ್ಲಿರುವುದು ಎರಡು ಕುರಿ, ಒಂದು ಸಿಡುಕಿ, ಇನ್ನೊಂದು ಸೋಮಾರಿ. ಕಳೆದ ವಾರ ಸೋಮಾರಿ ತುಂಬು ಗಬ್ಬ, ರಕ್ತ ತೆಗೆಯುವ ಹಾಗಿರಲಿಲ್ಲ. ಇವತ್ತು ಬೆಳಿಗ್ಗೆ ನಾನು ಕಂಡದ್ದು ಚೇತರಿಸಿಕೊಂಡ ಸಿಡುಕಿಯನ್ನು, ಆಗ ಅದಕ್ಕೆ ಕಾಲು ಗಾಯವಾಗಿ ಮೇವು ಬಿಟ್ಟಿತ್ತು. ಅದೇ ಹೊತ್ತಿಗೆ ಪಕ್ಕದ ರಕ್ತನಿಧಿಯಲ್ಲಿ ಅವಧಿ ಮುಗಿದ ಒಂದು ಚೀಲ ರಕ್ತ ಬಿಸಾಡಲು ಇಟ್ಟಿದ್ದರು. ತಟ್ಟೆಯಕ್ಕ ಯಾರನ್ನೂ ಕೇಳದೆ ಅದನ್ನು ತಂದುಕೊಂಡರು.

"ಸಿಡುಕಿ ಕಣ್ಣು ನೋಡಿ ಕರುಳು ಚುರುಕ್ ಅಂತು. ಮನುಷ್ಯರ ರಕ್ತ ಅಲ್ವಾ, ಕುರಿಗಿಂತ ಒಂದು ಕೈ ಮೇಲೇ ಇರುತ್ತೆ ಅಂದ್ಕೊಂಡೆ. ಹೊಸ ರಕ್ತ ಬಂದಾಗ ಗೊತ್ತಿರೋ ಕ್ರಿಮಿನ ಬಿತ್ತಿ ಪರೀಕ್ಷೆ ಮಾಡ್ಬೇಕು ಅಂತ ನಿಯಮ ಇದೆ. ಅದನ್ನ ಮಾಡೋರು ರಜೆಲಿದ್ರು. ನಾನೂ ಸುಮ್ಮನಾದೆ."

ಆರು ದಿನ ಅದೇ ಚೀಲ. ಬಳಸಿದ ತಟ್ಟೆಗಳನ್ನು ಬೇಯಿಸಲು ಜೋಡಿಸುವ ಮುನ್ನ ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡುವುದು ಇವರ ರೂಢಿ. ಅದು ಯಾರೂ ಹೇಳಿದ ಕೆಲಸವಲ್ಲ. ಸಾಮಾನ್ಯವಾಗಿ ಗಂಟಲಿನ ಹತ್ತು ತಟ್ಟೆಯಲ್ಲಿ ಎರಡರಲ್ಲಾದರೂ ಉಂಗುರ ಕಾಣುತ್ತದೆ. ಆರನೇ ದಿನ ಜೋಡಿಸುತ್ತಾ ಹೋದರೆ ಒಂದರಲ್ಲೂ ಇಲ್ಲ. ಹಿಂದಿನ ದಿನಗಳಲ್ಲೂ ಕಂಡ ನೆನಪಿಲ್ಲ. ಒಳಗಿನವರು ಆ ಎಲ್ಲ ಮಕ್ಕಳಿಗೂ 'ಏನೂ ಇಲ್ಲ' ಎಂದು ವರದಿ ಕೊಟ್ಟು ಕಳಿಸಿದ್ದರು. "ಊರಲ್ಲಿ ಗಂಟಲು ನೋವೇ ನಿಂತುಹೋಯ್ತಾ? ಇಲ್ಲ, ನನ್ನ ತಟ್ಟೆ ಸುಳ್ಳು ಹೇಳ್ತಿದೆ ಅನ್ನಿಸ್ತು."

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಟ್ಟೆ ಬೇಯಿಸಿ ತೊಳೆದರೆ ಸಾಕ್ಷಿಯೂ ಹೋಗುತ್ತಿತ್ತು. ಅವರು ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದರು. ಡಾಕ್ಟರ್ ಮೇಡಂ ಮೊದಲು ನಂಬಲಿಲ್ಲ. ಬೇರೆ ಆಸ್ಪತ್ರೆಯಿಂದ ತರಿಸಿದ ಕುರಿರಕ್ತದ ತಟ್ಟೆಯಲ್ಲೂ ಇದರಲ್ಲೂ ಒಂದೇ ಕ್ರಿಮಿಯನ್ನು ಬಿತ್ತಿ ಮಲಗಿಸಿದರು. ಬೆಳಿಗ್ಗೆ ಕುರಿರಕ್ತದಲ್ಲಿ ಸಾಲುಸಾಲು ಉಂಗುರ, ಮನುಷ್ಯರಕ್ತ ಹಾಗೆಯೇ ಕೆಂಪಗೆ ಕೂತಿತ್ತು. ಆ ರಕ್ತ ಕೊಟ್ಟವರಿಗೆ ಹಿಂದೆಂದೋ ಅದೇ ಕ್ರಿಮಿ ಬಂದು ಹೋಗಿರಬೇಕು, ಅವರ ಕಾವಲುಗಾರರ ಆಯುಧಗಳು ರಕ್ತದಲ್ಲೇ ಉಳಿದಿರಬೇಕು, ರಕ್ತ ಹೆಪ್ಪುಗಟ್ಟದಿರಲೆಂದು ಚೀಲದಲ್ಲಿ ಬೆರೆಸುವ ಔಷಧವೂ ಕೈ ಜೋಡಿಸಿರಬಹುದು ಎಂದು ಮೇಡಂ ನನಗೆ ವಿವರಿಸಿದರು. ಯಾರೋ ಎಲ್ಲೋ ಕೊಟ್ಟ ರಕ್ತ, ಮೈ ಬಿಟ್ಟು ತಿಂಗಳಾದರೂ, ತಟ್ಟೆಯ ಮೇಲೆ ಮಲಗಿಕೊಂಡು ಹಳೆಯ ಜಗಳ ಮುಂದುವರಿಸುತ್ತಿತ್ತು. ಆ ಮಾತು ಕೇಳಿದಾಗಿನಿಂದ ನನ್ನ ಮೊಣಕೈಯ ನೀಲಿ ನರವನ್ನು ನಾನು ಆಗಾಗ ನೋಡಿಕೊಳ್ಳುತ್ತೇನೆ.

ಆ ಆರು ದಿನಗಳಲ್ಲಿ ಗಂಟಲು ತೋರಿಸಿದ ಮಕ್ಕಳು ನಲವತ್ತೊಂದು. ನೋವು ಶುರುವಾದ ಒಂಬತ್ತು ದಿನದೊಳಗೆ ಮದ್ದು ಬಿದ್ದರೆ ಹೃದಯ ಉಳಿಸಬಹುದು. ನಿನ್ನೆ ನಾನು ಕಂಡ ಗಡಿಬಿಡಿ ಅದೇ. ಸಂಜೆಯೊಳಗೆ ನಲವತ್ತು ಮನೆಗಳು ಸಿಕ್ಕವು. ಒಂದು ಸಿಗಲಿಲ್ಲ. ಏಳು ವರ್ಷದ ಹುಡುಗಿ, ಚೀಟಿಯಲ್ಲಿ ವಿಳಾಸದ ಜಾಗದಲ್ಲಿ 'ಗಡಿಯಾರದ ಅಂಗಡಿ ಹಿಂದೆ' ಎಂದಷ್ಟೇ ಇದೆ, ಫೋನ್ ಸಂಖ್ಯೆಯಲ್ಲಿ ಹತ್ತರ ಬದಲು ಒಂಬತ್ತೇ ಅಂಕಿ. ಇವತ್ತು ಅವಳ ನೋವಿಗೆ ಎಂಟನೇ ದಿನ.

"ಮದ್ದಿಲ್ಲದಿದ್ರೂ ನೂರರಲ್ಲಿ ಇಬ್ಬರಿಗೋ ಮೂವರಿಗೋ ಮಾತ್ರ ಹೃದಯಕ್ಕೆ ಬರೋದು, ಅಷ್ಟು ಹೆದರ್ಬೇಡ ಅಂತಾರೆ ಮೇಡಂ. ಸರಿ. ಆದ್ರೆ ನಮ್ಮನೇಲಿ ಇದ್ದದ್ದು ಒಬ್ಬಳೇ ತಂಗಿ. ಅವಳೇ ಆ ಮೂವರಲ್ಲಿ ಒಬ್ಬಳಾದ್ಲು." ಇಷ್ಟು ಹೇಳಿ ಕೊನೆಯ ತಟ್ಟೆಗೆ ಮುಚ್ಚಳ ಹಾಕುತ್ತಾರೆ. ಎಂಟಕ್ಕೆ ಕೆಲಸ ಮುಗಿಸಿ, ಅರ್ಧ ದಿನ ರಜೆ ಬರೆದು, ಚೀಟಿ ಹಿಡಿದು ಗಡಿಯಾರದ ಅಂಗಡಿಗಳನ್ನು ಹುಡುಕಲು ಹೊರಡುತ್ತಾರೆ. ಊರಲ್ಲಿ ಅಂಥವು ಹನ್ನೊಂದಿವೆ.

ತಂಗಿಯನ್ನು ಕಾಣಲು ನಾನು ಅವರ ಮನೆಗೆ ಹೋಗುತ್ತೇನೆ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ದಿಂಬಿಗೆ ಒರಗಿದ ತಂಗಿ. ಕೈಯಲ್ಲಿ ಫೋನು, ತೊಡೆಯ ಮೇಲೆ ಹಾಳೆ. ಬಿಟ್ಟುಹೋದ ಒಂದು ಅಂಕಿ ಎಲ್ಲೆಲ್ಲಿ ಯಾವುದಿರಬಹುದೋ ಅಷ್ಟನ್ನೂ ಬರೆದರೆ ತೊಂಬತ್ತೊಂದು ಸಂಖ್ಯೆಗಳಾಗುತ್ತವೆ. ಎಲ್ಲವನ್ನೂ ಅಂದವಾಗಿ ಬರೆದುಕೊಂಡು ಒಂದೊಂದಾಗಿ ಕರೆ ಮಾಡುತ್ತಿದ್ದಾರೆ. "ಅಕ್ಕ ನಡೀಲಿ, ನನಗೆ ನಡೆಯೋಕಾಗಲ್ಲ. ಬಾಯಿಗೇನು ಧಾಡಿ" ಎನ್ನುತ್ತಾರೆ. ಪ್ರತಿ ಮೂರು ಕರೆಗೊಮ್ಮೆ ಉಸಿರು ಹಿಡಿಯಲು ನಿಲ್ಲುತ್ತಾರೆ.

ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಮೆಲ್ಲಗೆ ಸರಿಯುತ್ತಿದೆ. ಒಬ್ಬ ನಿದ್ದೆಗಣ್ಣಿನಲ್ಲಿ ಬೈಯುತ್ತಾನೆ. ಒಬ್ಬ ಹೆಂಗಸು ಹುಡುಗಿ ಎಂದ ಕೂಡಲೇ ಮದುವೆಯ ವಿಚಾರವೆಂದುಕೊಂಡು, ತನ್ನ ಮಗನಿಗೆ ಇನ್ನೂ ಇಪ್ಪತ್ತು ಎನ್ನುತ್ತಾಳೆ. ಮುದುಕರೊಬ್ಬರು, ತಪ್ಪು ಸಂಖ್ಯೆಯಾದರೇನು, ಮಾತಾಡಿ ಎಂದು ತಮ್ಮ ಮಂಡಿನೋವಿನ ಕಥೆ ಹೇಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಸಂಖ್ಯೆಗಳು ಬಳಕೆಯಲ್ಲೇ ಇಲ್ಲ. ಅರವತ್ತಮೂರನೆಯದಕ್ಕೆ ಒಂದು ಮಗು ಫೋನ್ ಎತ್ತುತ್ತದೆ.

"ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ."

"ಹೌದಾ ಪುಟ್ಟಿ. ನಿಂಗೆ ಗಂಟಲು ನೋವಿತ್ತಾ?"

"ಇತ್ತು. ಬಾಯಿಗೆ ಕಡ್ಡಿ ಹಾಕಿದ್ರು, ವಾಂತಿ ಬರೋ ಹಾಗಾಯ್ತು. ಈಗ ನೋವಿಲ್ಲ, ವಾಸಿಯಾಗಿದೆ."

ತಂಗಿ ಫೋನನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ತಾಯಿ ಬಂದು ಫೋನ್ ತೆಗೆದುಕೊಳ್ಳುತ್ತಾಳೆ. ವರದಿಯಲ್ಲಿ ಏನೂ ಇಲ್ಲವಲ್ಲ, ಮಗು ಚೆನ್ನಾಗಿ ಆಡಿಕೊಂಡಿದೆ, ನನಗೆ ಕೆಲಸಕ್ಕೆ ಹೊತ್ತಾಗುತ್ತದೆ, ಮತ್ತೆ ಯಾಕೆ ಬರಬೇಕು ಎಂಬುದು ಅವಳ ವಾದ. ಅದರಲ್ಲಿ ತಪ್ಪೇನಿಲ್ಲ. ತಂಗಿ ಎಲ್ಲವನ್ನೂ ಕೇಳಿಸಿಕೊಂಡು, "ನಂಗೂ ವಾಸಿಯಾಗಿತ್ತು ತಾಯಿ. ಒಂಬತ್ತು ವರ್ಷ ಇದ್ದಾಗ" ಎಂದು ಆರಂಭಿಸಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ ತಮ್ಮ ಕಥೆ ಹೇಳುತ್ತಾರೆ. "ಎಷ್ಟು ಗಂಟೆಗೆ ಬರ್ಬೇಕು?" ಎಂಬ ಪ್ರಶ್ನೆ ಆಚೆಯಿಂದ ಬಂದಾಗ ತಂಗಿ ಅಳುತ್ತಿದ್ದಾರೆ.

ಸಂಜೆ ನಾಲ್ಕಕ್ಕೆ ತಾಯಿ ಮಗು ಆಸ್ಪತ್ರೆಗೆ ಬರುತ್ತಾರೆ. ಏಳನೇ ಗಡಿಯಾರದ ಅಂಗಡಿಯಿಂದ ಓಡಿ ಬಂದ ತಟ್ಟೆಯಕ್ಕ ಬಾಗಿಲ ಬಳಿ ನಿಲ್ಲುತ್ತಾರೆ, ಒಳಗೆ ಹೋಗುವುದಿಲ್ಲ. ಗಂಟಲಿನಿಂದ ಮತ್ತೊಮ್ಮೆ ಮಾದರಿ ತೆಗೆದು ಆಗಲೇ ಇಂಜೆಕ್ಷನ್ ಕೊಡುತ್ತಾರೆ. ಹುಡುಗಿ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚುತ್ತಾಳೆ. ಮರುದಿನ ಬೆಳಿಗ್ಗೆ ಸಿಡುಕಿಯ ರಕ್ತದ ತಟ್ಟೆಯನ್ನು ಕಿಟಕಿಗೆ ಹಿಡಿದರೆ ತಿಳಿಯಾದ ಉಂಗುರಗಳು, ಎಣಿಸಲಾಗದಷ್ಟು. ವಾಸಿಯಾಯಿತೆಂದು ಕುಣಿಯುತ್ತಿದ್ದ ಗಂಟಲಲ್ಲಿ ಕ್ರಿಮಿ ಸುಖವಾಗಿ ಮನೆ ಮಾಡಿಕೊಂಡಿತ್ತು. ಮತ್ತೆ ಕರೆಸಿ ನೋಡಿದ ನಲವತ್ತೊಂದರಲ್ಲಿ ಹನ್ನೊಂದು ಮಕ್ಕಳ ತಟ್ಟೆಯಲ್ಲಿ ಹೀಗೆ ಉಂಗುರ ಸಿಕ್ಕಿತು, ಹನ್ನೊಂದು ಮಂದಿಗೂ ಮದ್ದಾಯಿತು.

ಮದ್ದು ಎಂಟನೇ ದಿನಕ್ಕೆ ಬಿದ್ದಿದ್ದು ಈ ಹುಡುಗಿಗೆ ಮಾತ್ರ. ಕಾವಲುಗಾರರು ಆಗಲೇ ದಾರಿ ತಪ್ಪಿದ್ದಾರೋ ಇಲ್ಲವೋ ತಿಳಿಯಲು ಕಾಯುವುದೊಂದೇ ದಾರಿ. ಹಾಗಾಗಿ ನಾನೂ ಈ ಬರಹವನ್ನು ಕಾಯಿಸಿದೆ. ಸಂಪಾದಕರು ಎರಡು ಸಲ ಕೇಳಿ, ಮೂರನೇ ಸಲ ಕೇಳುವುದನ್ನು ಬಿಟ್ಟರು. ಈ ನಡುವೆ ಸೋಮಾರಿ ಅವಳಿ ಮರಿ ಹಾಕಿತು. ತಟ್ಟೆಯಕ್ಕ ರಜೆಯಿಲ್ಲದೆ ದಿನಕ್ಕೆ ನೂರ ಅರವತ್ತು ತಟ್ಟೆ ಸುರಿದರು. ಮಂಡಿ ಹಿಡಿದುಕೊಂಡು ಬರುವ ಪ್ರತಿ ಮಗುವನ್ನೂ ದೂರದಿಂದ ನೋಡಿ ಬೆಚ್ಚುತ್ತಿದ್ದರೆಂದು ಮೇಡಂ ಹೇಳಿದರು.

ಐದು ವಾರದ ನಂತರ ಹುಡುಗಿ ತಪಾಸಣೆಗೆ ಬಂದಿದ್ದಾಳೆ. ಅದೇ ದಿನ ತಂಗಿಯ ಇಂಜೆಕ್ಷನ್ ಸರದಿ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಮೇಡಂ ಮಂಡಿ ಒತ್ತುತ್ತಾರೆ, ಮಣಿಕಟ್ಟು ತಿರುಗಿಸುತ್ತಾರೆ, ರಕ್ತಪರೀಕ್ಷೆಯ ಚೀಟಿ ಓದುತ್ತಾರೆ, ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳುತ್ತಾರೆ. ಅವರ ಮುಖದಲ್ಲಿ ಏನೂ ತಿಳಿಯುವುದಿಲ್ಲ. ಕೊನೆಗೆ ಕಿವಿಯಿಂದ ಅದನ್ನು ತೆಗೆದು ತಂಗಿಯ ಕೈಗೆ ಕೊಡುತ್ತಾರೆ. "ನೀವೇ ಕೇಳಿ."

ತಂಗಿ ತಲೆ ಬಾಗಿಸಿ ಕೇಳುತ್ತಾರೆ. ಬಾಗಿಲಲ್ಲಿ ತಟ್ಟೆಯಕ್ಕ ಒದ್ದೆ ಕೈಯನ್ನು ಒರೆಸುತ್ತಲೇ ಇದ್ದಾರೆ.

"ಎರಡೇ ಸದ್ದು ಅಕ್ಕ. ಮಧ್ಯದಲ್ಲಿ ಏನೂ ಇಲ್ಲ."

"ಸರಿಯಾಗಿ ಕೇಳಿದ್ಯೇನೇ?"

"ಏನೂ ಇಲ್ಲ ಅಕ್ಕ."

ಹುಡುಗಿಗೆ ಬೇಸರ ಬಂದಿದೆ. "ನಂಗೂ ಕೇಳ್ಸಿ, ನಿಮ್ಮದು" ಎಂದು ಸ್ಟೆತಸ್ಕೋಪ್ ಕಿತ್ತುಕೊಂಡು ತಂಗಿಯ ಎದೆಗೆ ಇಡುತ್ತಾಳೆ. ಕಣ್ಣು ಅಗಲವಾಗುತ್ತದೆ. "ನಿಮ್ಮ ಒಳಗೆ ಯಾರೋ ಕಸ ಗುಡಿಸ್ತಿದ್ದಾರೆ."

"ಹೂಂ ಪುಟ್ಟಿ. ಮೂವತ್ತೈದು ವರ್ಷದಿಂದ ಗುಡಿಸ್ತಾನೇ ಇದ್ದಾರೆ, ಇನ್ನೂ ಮುಗಿದಿಲ್ಲ" ಎಂದು ತಂಗಿ ನಗುತ್ತಾರೆ. ಹುಡುಗಿಯೂ ನಗುತ್ತಾ ಬೆಂಚಿನಿಂದ ಹಾರಿ ಓಡುತ್ತಾಳೆ. ಹೊರಗೆ ಉದ್ದನೆಯ ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ಪಟಪಟ ಎಂದು ದೂರವಾಗುತ್ತದೆ. ಓಡಬೇಡ ಎಂದು ತಾಯಿ ಕೂಗುತ್ತಾಳೆ. "ಓಡ್ಲಿ ಬಿಡಿ" ಎನ್ನುತ್ತಾರೆ ತಟ್ಟೆಯಕ್ಕ.

ಲೇಖನ ಮುಗಿಸಬೇಕಲ್ಲ, ನಿಮಗೇನಾದರೂ ಆಸೆಯಿದೆಯೇ ಎಂದು ನಾನು ರೂಢಿಯ ಪ್ರಶ್ನೆ ಕೇಳುತ್ತೇನೆ. ಅವರು ಆ ಸದ್ದು ನಿಲ್ಲುವವರೆಗೂ ಕಾರಿಡಾರಿನ ಕಡೆಗೇ ನೋಡುತ್ತಿರುತ್ತಾರೆ.

"ಒಂದೇ ಆಸೆ. ಈ ಹುಡುಗಿ ದೊಡ್ಡವಳಾದ್ಮೇಲೆ ಚಿಕ್ಕವಳಿದ್ದಾಗ ಏನಾದ್ರೂ ಕಾಯಿಲೆ ಬಂದಿತ್ತಾ ಅಂತ ಯಾರಾದ್ರೂ ಕೇಳ್ತಾರಲ್ಲ. ಆಗ ಅವಳು ಸ್ವಲ್ಪ ಯೋಚನೆ ಮಾಡಿ, ಏನೂ ಇಲ್ಲಪ್ಪ, ನೆನಪೇ ಇಲ್ಲ ಅನ್ಬೇಕು."